ಒತ್ತದೇ ಉಳಿದ ಗುಂಡಿ

ಚೆನ್ನೈ
ಭಾನುವಾರ, 14 ಜೂನ್ 1998

ಪ್ರೀತಿಯ ಕಯಲ್,

ನಿನ್ನ ಸಿಟ್ಟು ಇಳಿದಿಲ್ಲವೆಂದು ಗೊತ್ತು. ಹರಿದು ಹಾಕುವುದಾದರೆ ಓದಿದ ಮೇಲೆ ಹರಿ.

ಈ ಚೆಸ್ ಹಾಸ್ಟೆಲಿಗೆ ಬಂದು ಮೂರು ವಾರವಾಯಿತು. ಹನ್ನೊಂದು ಹುಡುಗಿಯರಿದ್ದೇವೆ. ಆಟ ಮುಗಿದರೆ ಕೈ ಕುಲುಕಿ ಎದ್ದು ಹೋಗುತ್ತಾರೆ, ಅಷ್ಟೇ. ಗೆದ್ದರೆ ಹೊಟ್ಟೆ ಉರಿದುಕೊಳ್ಳುವವರಿಲ್ಲ, ಸೋತರೆ ಕಾಲೆಳೆಯುವವರಿಲ್ಲ. ಇವತ್ತು ಎಲ್ಲರ ಮನೆಯವರೂ ಬಂದಿದ್ದರು. ತೆಂಕಾಶಿಯಿಂದ ಇಷ್ಟು ದೂರ ನನಗಾಗಿ ಯಾರು ಬರುತ್ತಾರೆ? ಒಬ್ಬಳೇ ಕುಳಿತು ಎರಡೂ ಕಡೆಯಿಂದ ಆಡಿದೆ. ಅರ್ಧದಲ್ಲೇ ಅಳು ಬಂತು.

ಮಧುರೆಯ ಫೈನಲ್ ಬಗ್ಗೆ ಬರೆಯಬೇಕು. ಗೆದ್ದವಳಿಗೇ ಈ ಹಾಸ್ಟೆಲಿನ ಸೀಟು ಎಂದು ಇಬ್ಬರಿಗೂ ಗೊತ್ತಿತ್ತು. ನೀನು ಕುದುರೆ ನಡೆಸಿದೆ, ನಡೆಯನ್ನು ಹಾಳೆಯಲ್ಲಿ ಬರೆದುಕೊಂಡೆ, ಗಡಿಯಾರದ ಗುಂಡಿ ಒತ್ತುವುದನ್ನು ಮರೆತೆ. ಆಡಬೇಕಾದವಳು ನಾನು, ಓಡುತ್ತಿದ್ದದ್ದು ನಿನ್ನ ಸಮಯ. ನಾನು ಕೆನ್ನೆಗೆ ಕೈ ಕೊಟ್ಟು ಕುಳಿತೆ. ಹದಿಮೂರು ನಿಮಿಷ! ನಾನು ಯೋಚಿಸುತ್ತಿದ್ದೇನೆಂದು ನಂಬಿ ನೀನು ಹೋಗಿ ನೀರು ಕುಡಿದು ಬಂದೆ, ನನ್ನ ಮುಖ ನೋಡಿ ನಕ್ಕೆ ಕೂಡ. ಸಮಯ ಮುಗಿದು ನಿನ್ನ ಗಡಿಯಾರದ ಕೆಂಪು ಬಾವುಟ ಬಿದ್ದಾಗ ಕೈ ಎತ್ತಿ ತೀರ್ಪುಗಾರರನ್ನು ಕರೆದು ಗೆದ್ದವಳು ನಾನು.

ಹೊರಗೆ ಬಂದು ನೀನು ಕೇಳಿದ್ದು ಒಂದೇ ಮಾತು, “ಯಾಳಿನಿ, ನೀನೂ ನೋಡ್ಲಿಲ್ವೇನೇ?” ಅಂತ. “ನಿನ್ನಾಣೆ ನೋಡ್ಲಿಲ್ಲ ಕಣೇ” ಅಂದೆ.

ನೋಡಿದ್ದೆ ಕಯಲ್. ಮೊದಲ ನಿಮಿಷದಲ್ಲೇ ನೋಡಿದ್ದೆ. ಹೇಳಲೇಬೇಕೆಂಬ ನಿಯಮವಿಲ್ಲ, ನಿಜ. ಆದರೆ ಆರು ವರ್ಷ ನಿಮ್ಮ ಮನೆಯಲ್ಲಿ ಆಡುವಾಗ ಯಾರು ಮರೆತರೂ ಇನ್ನೊಬ್ಬಳು ಮೇಜಿನ ಕೆಳಗೆ ಕಾಲು ತುಳಿಯುತ್ತಿದ್ದಳು. ನಿಮ್ಮಪ್ಪ ಅದನ್ನು ಕಂಡು, “ಮಂಕುಗಳಾ, ಟೂರ್ನಮೆಂಟಲ್ಲಿ ಯಾರ್ರೇ ತುಳೀತಾರೆ ನಿಮ್ಮ ಕಾಲು?” ಎಂದು ಬೈಯುತ್ತಿದ್ದರು. ಅವತ್ತೂ ನಿನ್ನ ಕಾಲು ನನ್ನ ಕಾಲಿನ ಪಕ್ಕದಲ್ಲೇ ಇತ್ತು. ನನ್ನದನ್ನು ಕುರ್ಚಿಯ ಅಡಿಗೆ ಎಳೆದುಕೊಂಡೆ.

ನೀನಿನ್ನು ಚೆಸ್ ಮುಟ್ಟುವುದಿಲ್ಲವಂತೆ, ಅಮ್ಮ ಬರೆದಿದ್ದಾಳೆ. “ಹೆಂಗಿದ್ರೂ ನಾನು ಸೋಲ್ತಿದ್ದೆ, ನನಗೆ ಅಷ್ಟೆಲ್ಲ ತಲೆ ಇಲ್ಲ ಬಿಡಿ” ಎಂದು ಎಲ್ಲರೆದುರು ಹೇಳುತ್ತಿದ್ದೀಯಂತೆ. ಕ್ಷಮೆ ಕೇಳಲು ನನಗೆ ಮುಖವಿಲ್ಲ. ಬೈದಾದರೂ ಒಂದು ಸಾಲು ಬರೆ. ಇಲ್ಲಿ ನನ್ನನ್ನು ಬೈಯುವಷ್ಟು ಹತ್ತಿರದವರು ಯಾರೂ ಇಲ್ಲ.

ಈಗಲೂ ನಿನ್ನವಳೇ ಅಂದುಕೊಂಡಿರುವ,
ಯಾಳಿನಿ

ಮತ್ತೊಂದು ಮಾತು: ನೀನು ಸೋಲುತ್ತಿರಲಿಲ್ಲ. ನಿನ್ನ ಆ ಕುದುರೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ. ಇನ್ನು ಮೂರು ನಡೆಗೆ ನನ್ನ ರಾಜನ ಕತೆ ಮುಗಿಯುತ್ತಿತ್ತು. ಅದು ನನಗೆ ಕಂಡಿತ್ತು. ಅದಕ್ಕೇ ಸುಮ್ಮನೆ ಕುಳಿತೆ.