ಹೊಸ ಚಕ್ರ ಪಳಗಿದ ಮೇಲೆ

ಮನೆ,
ಗುರುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಹೋಯ್ತಾ? ಕಾರ್ಖಾನೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೋ ಅಂತ ಅಮ್ಮ ನೂರು ಸಲ ಹೇಳಿದ್ದಾಳೆ, ನೀನು ಕಿವಿಗೇ ಹಾಕಿಕೊಳ್ಳಲ್ಲ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ನಗಬೇಡ, ಎಡಗೈಯಲ್ಲಿ ಬರೀತಿದ್ದೀನಿ. ಫೋನ್ ಮಾಡಿದರೆ ಅತ್ತುಬಿಡ್ತೀನಿ, ಅದಕ್ಕೇ ಕಾಗದ. ಗಾಬರಿ ಬೇಡ, ಮೊದಲಿಂದ ಹೇಳ್ತೀನಿ.

ಲೋಹದ ಗಾಲಿಯ ಸುತ್ತ ಯುರೆಥೇನ್ ಅನ್ನೋ ಆ ರಬ್ಬರಿನಂಥದ್ದನ್ನ ನೀನು ಎರಕ ಹೊಯ್ದು ಕಳಿಸಿದ ಚಕ್ರಗಳನ್ನ, ನೀನು ಹೇಳಿದ ಹಾಗೇ, ಗಟ್ಟಿಯಾಗಲಿ ಅಂತ ಅಟ್ಟದ ಮೇಲಿಟ್ಟೆ. ದಿನಾ ಹತ್ತಿ ಉಗುರಿಂದ ಒತ್ತಿ ನೋಡೋದು. 'ಮೊಟ್ಟೆ ಕಾಯೋ ಕೋಳಿ ಆಗಿದ್ದೀಯಲ್ಲೇ' ಅಂತ ಅಪ್ಪ ಆಡಿಕೊಂಡರು. ಉಗುರು ಇಳಿಯದಷ್ಟು ಗಟ್ಟಿಯಾದ ಮೇಲೇ ನನ್ನ ಕಾಲಲ್ಲಿ ತಳ್ಳೋ ಸ್ಕೂಟರ್‌ಗೆ ಹಾಕಿ, ಗೋದಾಮಿನ ಹಿಂದಿನ ಒರಟು ಸಿಮೆಂಟ್ ನೆಲದಲ್ಲಿ ಸುತ್ತಿದೆ. ಮೇಲಿನ ಹೊಳಪು ಸವೆದು ಮಂಕಾಗೋ ತನಕ, ತಿರುವಿನಲ್ಲಿ ಜಾರೋದು ನಿಲ್ಲೋ ತನಕ. ಆತುರ ಮಾಡಲಿಲ್ಲ, ನಿನ್ನಾಣೆ.

ಭಾನುವಾರ ಅಪ್ಪ ಕಟ್ಟಿದ ಮರದ ಇಳಿಜಾರಿನಲ್ಲಿ ಸ್ಕೂಟರ್ ಸ್ಪರ್ಧೆಗೆ ತಾಲೀಮು ನಡೆಸಿದ್ದೆ. ಇಳಿಯುವಾಗ ಮುಂದಿನ ಚಕ್ರ ಕಿರ್ರಂತು. ಬ್ರೇಕ್ ತುಳಿಯುವಷ್ಟರಲ್ಲಿ ಯುರೆಥೇನ್ ಪೂರ್ತಿ ಕಳಚಿ, ನನ್ನನ್ನೂ ದಾಟಿ ಉರುಳಿ ಹೋಯ್ತು. ಬರೀ ಲೋಹ ಹಲಗೆಗೆ ಕಚ್ಚಿಕೊಂಡಿತು, ನಾನು ಎಗರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿದಿದೆ. ಹೆಲ್ಮೆಟ್ಟಿನಿಂದ ತಲೆ ಉಳೀತು. 'ಹಸಿ ಚಕ್ರ ಹಾಕಿಕೊಂಡು ಹತ್ತಿದೆಯಾ?' ಅಂತ ಅಪ್ಪ ಬೈಯುತ್ತಲೇ ಎತ್ತಿದರು. ಆಸ್ಪತ್ರೆಯಿಂದ ಬಂದು ಚಕ್ರ ಎತ್ತಿ ನೋಡಿದವರು 'ನೀನೇ ನೋಡು' ಅಂತ ನನ್ನ ಕೈಗೆ ಕೊಟ್ಟರು. ಯುರೆಥೇನ್ ಕಲ್ಲಿನಷ್ಟು ಗಟ್ಟಿ. ಒಳಗಿನ ಲೋಹ ಮಾತ್ರ ಕನ್ನಡಿ ಹಾಗೆ ನುಣುಪು. ಒಂದು ಗೀರಿಲ್ಲ, ಅಂಟಿನ ಗುರುತಿಲ್ಲ. ಲೋಹ ಉಜ್ಜದೆ, ಅಂಟು ಬಳಿಯದೆ ಹೊಯ್ದರೆ ಯುರೆಥೇನ್ ಹಿಡಿಯಲ್ಲ ಅಂತ ನೀನೇ ತಾನೆ ಹೇಳ್ತಿದ್ದದ್ದು? ಉಜ್ಜೋ ಕೆಲಸ ನಿನ್ನದಲ್ಲ, ಗೊತ್ತು. ನಿನ್ನ ಮೇಲೆ ಕೋಪ ಇಲ್ಲ. ಬಿದ್ದ ದಿನ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಅಮ್ಮ ಆಶೀರ್ವಾದ ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಚೂಟಿ

ತಾ.ಕ.: ಕಾಗದ ತರ್ತಿರೋ ಲಾರಿ ಮಾವ ಹೊರಗೆ ಹಾರನ್ ಹೊಡೀತಿದ್ದಾರೆ. ಎದುರುಮನೆಯ ಅವಳಿ ಹುಡುಗಿಯರೂ ಅಂಗಡಿಯಲ್ಲಿ ಇದೇ ಚಕ್ರ ಕೊಂಡಿದ್ದರು. ಅಪ್ಪ ಬಿಚ್ಚಿಸಿ ತಿರುಚಿ ನೋಡಿದರೆ ಒಂದು ಆಗಲೇ ಸಡಿಲ. ಕಳಚಿದ ಚಕ್ರ ಮಾವನ ಕೈಲಿ ಕಳಿಸಿದ್ದೀನಿ. ನಿಮ್ಮ ಧಣಿಯ ಮೇಜಿನ ಮೇಲೆ ಇಟ್ಟು, ಮಾರಿದ್ದನ್ನೆಲ್ಲ ವಾಪಸ್ ತರಿಸಿ ಅನ್ನು. ಒಪ್ಪದಿದ್ದರೆ ಅಂಗಡಿಗಳಿಗೆ ನೀನೇ ಹೇಳು. ಕೆಲಸದಿಂದ ತೆಗೆದರೆ ತೆಗೀಲಿ, ಬಂದುಬಿಡು. ನಾನು ಗೋಡೆ ಕಡೆ ಸರಿದು ಮಲಗ್ತೀನಿ.