ಹಳದಿ ತಂತಿಯ ಲೆಕ್ಕ

ಇಸ್ತ್ರಿ ಅಂಗಡಿಯ ಒಳಕೋಣೆ
ಹನ್ನೆರಡನೇ ತಾರೀಕು, ಗುರುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಯ ಅಮ್ಮನಿಗೆ,

ಮೊದಲು ಖರ್ಚಿನ ಲೆಕ್ಕ ಒಪ್ಪಿಸಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ದಂಡ, ಅಂಗಡಿಯ ಎರಡು ತಿಂಗಳ ಬಾಡಿಗೆಯಷ್ಟು. ಬ್ಯಾಟರಿ ಸ್ಕೂಟರು ಪೊಲೀಸರ ಅಂಗಳದಲ್ಲಿ ಸರಪಳಿ ಬಿಗಿಸಿಕೊಂಡು ನಿಂತಿದೆ. ಅಲ್ಲಿ ನಿಂತದ್ದಕ್ಕೂ ದಿನಕ್ಕಿಷ್ಟು ಎಂದು ಕೇಳುತ್ತಾರೆ, ಹಾಗಾಗಿ ಅದರ ಆಸೆ ಬಿಟ್ಟೆ. ಕೈಬಿಟ್ಟು ಹೋದ ಗಿರಾಕಿಗಳು, ನಾಲ್ಕು ಮನೆ. ಶರ್ಟುಗಳು ಹದಿನೇಳು, ರಸ್ತೆಬದಿಯಲ್ಲಿ ನಿಂತೂ ನಿಂತೂ ಸುಕ್ಕಾದವು. ಮತ್ತೆ ಇಸ್ತ್ರಿ, ಬಿಟ್ಟಿ. ಚಪ್ಪಲಿ ಒಂದು ಜೊತೆ, ಏಕೆಂದರೆ ಈಗ ಎಲ್ಲ ಕಡೆಗೂ ನಡಿಗೆಯೇ. ಇನ್ನೂ ಒಂದು ಬಾಬ್ತು ಉಳಿದಿದೆ. ಅದಕ್ಕೆ ಬರುತ್ತೇನೆ, ಇರು.

ನಿನ್ನ ಮೊಣಕಾಲು ಹೇಗಿದೆ? ಪುಟ್ಟಿಯ ಕೆಮ್ಮು ಇಳಿಯಿತೇ? ಅವಳು ಶಾಲೆಯಲ್ಲಿ ಎಲ್ಲರಿಗೂ ‘ನಾನು ಅಪ್ಪನ ಹತ್ರ ಹೋಗ್ತೀನಿ’ ಎಂದು ಸಾರಿ, ಪೆನ್ಸಿಲ್ ಡಬ್ಬಿಯನ್ನು ಪಕ್ಕದ ಬೆಂಚಿನ ಗೆಳತಿಗೆ ದಾನ ಮಾಡಿದ್ದಾಳೆ ಎಂದು ನೀನು ಹೇಳಿದಾಗ ನಕ್ಕೆ. ನಗು ಅರ್ಧಕ್ಕೇ ನಿಂತಿತು, ನೀನು ಗಮನಿಸಿರಬೇಕು. ಈ ವಾರ ಮೂರು ಸಲ ಫೋನು ಮಾಡಿ, ಮೂರು ಸಲವೂ ನೀರಿನ ಟ್ಯಾಂಕಿನ ವಿಚಾರ ಮಾತಾಡಿ ಇಟ್ಟಿದ್ದೇನೆ. ಊರಿಗೆಲ್ಲ ಮಾತು ಮಾರುವವನಿಗೆ ನಿನ್ನ ಒಂದು ‘ಹೂಂ’ ಕೇಳಿದರೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಕಾಗದ. ನಮ್ಮ ಮಹಡಿಯಲ್ಲಿರುವ ಪೇಂಟರು ಇವತ್ತಿನ ವಿಮಾನಕ್ಕೇ ಊರಿಗೆ ಹೊರಟಿದ್ದಾನೆ, ಶನಿವಾರ ನಿನ್ನ ಕೈಗೆ ಕೊಡುತ್ತಾನೆ. ಈಗ ಪಕ್ಕದಲ್ಲೇ ತನ್ನ ಸೂಟ್‌ಕೇಸಿನ ಮೇಲೆ ಕೂತು ಅದನ್ನು ಮುಚ್ಚಲು ಒದ್ದಾಡುತ್ತಿದ್ದಾನೆ. ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಇಸ್ತ್ರಿಪೆಟ್ಟಿಗೆ ಮುಟ್ಟಿ ನೋಡುತ್ತೇನೆ, ಮತ್ತೆ ಕೂರುತ್ತೇನೆ.

ನಡೆದದ್ದು ಇಷ್ಟು. ಸ್ಕೂಟರು ಕೊಂಡ ದಿನ ಫೋಟೊ ನೋಡಿ ನೀನು ಕೇಳಿದ್ದೆ, ‘ರೀ, ಅದಕ್ಕೆ ನಂಬರ್ ಪ್ಲೇಟೇ ಇಲ್ವಲ್ಲ, ಪೊಲೀಸ್ರು ಸುಮ್ನೆ ಬಿಡ್ತಾರಾ?’ ಎಂದು. ಬ್ಯಾಟರಿ ಗಾಡಿಗೆ ಬೇಡ ಕಣೇ ಎಂದು ನಾನು ದೊಡ್ಡದಾಗಿ ಪಾಠ ಹೇಳಿದ್ದೆ. ಪಾಠ ಸುಳ್ಳಲ್ಲ. ಈ ದೇಶದಲ್ಲಿ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಒಳಗೆ ಓಡಿದರೆ ಅದು ಸೈಕಲ್ಲಿನ ಲೆಕ್ಕ. ಮೀರಿದರೆ ಮೋಟಾರು ಬೈಕಿನ ಲೆಕ್ಕ. ನೋಂದಣಿ, ವಿಮೆ, ಲೈಸೆನ್ಸು ಮೂರೂ ಬೇಕು. ಆದರೆ ಇಪ್ಪತ್ತೈದರಲ್ಲಿ ತೆವಳಿದರೆ ಬೆಳಗಿನ ಶರ್ಟುಗಳು ಜನ ಆಫೀಸಿಗೆ ಹೊರಟ ಮೇಲೆ ಮನೆ ಮುಟ್ಟುತ್ತಿದ್ದವು. ವೇಗ ಹಿಡಿದಿಡುವುದು ಒಂದು ಹಳದಿ ತಂತಿ ಎಂದು ಗೊತ್ತಾಯಿತು. ರಿಪೇರಿ ಅಂಗಡಿಯ ಅಣ್ಣನ ಬೆನ್ನು ಬಿದ್ದೆ. ಎರಡು ಸಲ ಆಗಲ್ಲ ಎಂದ. ಮೂರನೆಯ ಸಲ, ‘ಕತ್ತರಿಸ್ತೀನಪ್ಪಾ, ಆದ್ರೆ ಇವತ್ತಿಂದ ಇದು ಸೈಕಲ್ ಅಲ್ಲ, ತಲೆಯಲ್ಲಿ ಇಟ್ಕೋ’ ಎಂದ. ನಾನು ತಲೆಯಲ್ಲಿ ಇಟ್ಟುಕೊಂಡದ್ದು ಉಳಿಯುವ ಹನ್ನೆರಡು ನಿಮಿಷವನ್ನು ಮಾತ್ರ.

ಒಂದು ವರ್ಷ ಓಡಿಸಿದೆ. ಹೋದ ತಿಂಗಳು ಸೇತುವೆಯ ಕೆಳಗೆ ಪೊಲೀಸರು ನಿಂತಿದ್ದರು. ಒಬ್ಬ ಚಿಕ್ಕ ವಯಸ್ಸಿನವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ನಾನು ಶರ್ಟು ತೂಗುಹಾಕಲು ಬೆಸುಗೆ ಹಾಕಿಸಿದ ಕಂಬಿಯನ್ನು ಮುಟ್ಟಿ, ‘ಚೆನ್ನಾಗಿದೆಯಲ್ಲಾ, ಎಷ್ಟು ಓಡುತ್ತೆ?’ ಎಂದ. ನಿನ್ನ ಗಂಡನ ಬಾಯಿ ನಿನಗೆ ಗೊತ್ತು. ಇವನಿಗೆ ಗಾಡಿಯ ಮೇಲೆ ಕಣ್ಣು ಬಿದ್ದಿದೆ, ಕೇಳಿದರೆ ಎಷ್ಟಕ್ಕೆ ಬಿಡಬಹುದು ಎಂದು ಒಳಗೊಳಗೇ ಬೆಲೆ ಕಟ್ಟುತ್ತಾ, ‘ನಲವತ್ತೈದು ಸಾರ್, ಲೋಡ್ ಹಾಕಿದ್ರೂ ನಲವತ್ತೈದು!’ ಎಂದೆ. ಅವನು ಬಹಳ ಮರ್ಯಾದೆಯಿಂದ ಜೇಬಿನ ಪುಸ್ತಕ ತೆಗೆದ. ಆಮೇಲೆ ಹಿಂದಿನ ಚಕ್ರವನ್ನು ವೇಗ ಅಳೆಯುವ ಉರುಳೆಯ ಯಂತ್ರದ ಮೇಲಿಟ್ಟು ಓಡಿಸಿದರು. ನಲವತ್ತೇಳು ತೋರಿಸಿತು. ಜನ್ಮದಲ್ಲಿ ಮೊದಲ ಸಲ ನನ್ನ ಮಾಲನ್ನು ಕಡಿಮೆ ಮಾಡಿ ಹೇಳಿದ್ದೆ.

ಇಲ್ಲಿನ ವಕೀಲಮ್ಮ ಕಾಗದವನ್ನೆಲ್ಲ ಓದಿ, ‘ಯಾರಿಗೂ ಗುದ್ದಿಲ್ಲ, ಬಚಾವಾದಿರಿ. ಗುದ್ದಿದ್ದರೆ ವಿಮೆ ಇಲ್ಲ, ಜೀವಮಾನ ಪೂರ್ತಿ ನೀವೇ ಪರಿಹಾರ ಕಟ್ಟಬೇಕಿತ್ತು’ ಎಂದರು. ತಂತಿ ಕತ್ತರಿಸಿದವನ ಹೆಸರು ಹೇಳಿದರೆ ನನ್ನ ಮೇಲಿನ ಕೇಸು ಹಗುರವಾಗಬಹುದು ಎಂದೂ ಅಂದರು. ಮೂರು ಸಲ ಬೆನ್ನು ಬಿದ್ದವನು ನಾನು. ಕತ್ತರಿಸಿದವನ ಹೆಸರು ಹೇಳುವುದಿಲ್ಲ, ಹೇಳಿ ಮಾಡಿಸಿದವನು ನಾನು, ಹಾಗೇ ಬರೆದುಕೊಳ್ಳಿ ಎಂದೆ. ಹೊರಗೆ ಬಂದು ಅರ್ಧ ದಾರಿ ನಡೆದ ಮೇಲೆ, ನಿಮ್ಮಿಬ್ಬರನ್ನು ಕೇಳದೆ ಹಾಗೆ ಹೇಳಲು ನಾನು ಯಾರು ಅನ್ನಿಸಿ ತಿರುಗಿ ಹೋದೆ. ಬಾಗಿಲಿನವರೆಗೆ ಹೋಗಿ, ಮತ್ತೆ ವಾಪಸು ಬಂದೆ.

ಪುಟ್ಟಿಯ ತಲೆ ಸವರಿದೆ ಎಂದು ಹೇಳು. ಅತ್ತೆಗೆ ನಮಸ್ಕಾರ. ನೀನು ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದೇ ಹತ್ತು.

ಇಂತಿ ನಿನ್ನ,
ಪುಟ್ಟಿಯ ಅಪ್ಪ

ಮತ್ತೆ: ಪೇಂಟರು ಶೂ ಹಾಕಿಕೊಳ್ಳುತ್ತಿದ್ದಾನೆ, ಇನ್ನು ತಡಮಾಡಲಾರೆ. ಸೋಮವಾರ ಶಾಲೆಗೆ ಹೋಗಿ ವರ್ಗಾವಣೆ ಪತ್ರ ತೆಗೆದುಕೊಳ್ಳಬೇಡ. ತೆಗೆದುಕೊಂಡರೆ ಪುಟ್ಟಿಯ ಜಾಗ ಬೇರೆಯವರ ಪಾಲು. ನನ್ನ ಮೇಲೆ ಕೇಸು ದಾಖಲಾಗಿರುವುದರಿಂದ ಹೆಂಡತಿ ಮಕ್ಕಳನ್ನು ಇಲ್ಲಿಗೆ ಕರೆಸಿಕೊಳ್ಳುವ ಅರ್ಜಿಯನ್ನು ವೀಸಾ ಕಚೇರಿಯವರು ಒಂದು ವರ್ಷ ಮುಟ್ಟುವುದಿಲ್ಲವಂತೆ. ಉಳಿದ ಬಾಬ್ತು ಇದೇ. ಬೈಯುವುದಿದ್ದರೆ ಭಾನುವಾರ ಫೋನು ಮಾಡು, ಎತ್ತುತ್ತೇನೆ. ಯಾರಿಗೆ ಏನು ಸಿಕ್ಕಿತು ಎಂದು ನೀನು ಕೇಳಿಯೇ ಕೇಳುತ್ತೀ. ಸರಕಾರಕ್ಕೆ ದಂಡ. ಪೊಲೀಸರಿಗೆ ಸ್ಕೂಟರು. ಗಿರಾಕಿಗಳಿಗೆ ಒಂದು ವರ್ಷ ಹನ್ನೆರಡು ನಿಮಿಷ ಮೊದಲೇ ಶರ್ಟು. ರಿಪೇರಿ ಅಣ್ಣನಿಗೆ ಅವನ ಅಂಗಡಿ. ನನಗೆ ಚಪ್ಪಲಿ. ಪುಟ್ಟಿಯ ಗೆಳತಿಗೆ ಪೆನ್ಸಿಲ್ ಡಬ್ಬಿ.