ಕೂಸಿನ ಕೋಣೆಗೆ ಮೇಲ್ಕಟ್ಟು

ಕುಮಟಾ

ಅಳಿಯಂದಿರಾದ ಚಿ. ಉಮೇಶರಿಗೆ ಆಶೀರ್ವಾದಗಳು.

ನಿನ್ನೆ ಮಾವಿನಕುರ್ವೆಯ ನಿಮ್ಮ ಮನೆಯಲ್ಲಿ ನಿಮ್ಮ ತಾಯಿಯವರು, "ಎಷ್ಟು ಕೆಂಡ ಇಟ್ರೂ ಕೋಣೆ ಬೆಚ್ಚಗೆ ನಿಲ್ಲೂದಿಲ್ಲ, ಎಂತ ಮಾಡೂದು?" ಎಂದರು. ಮಲಗಿದ್ದ ಕೂಸಿನೆದುರು ನಾನು ವಾದಿಸಲಿಲ್ಲ, ಉತ್ತರ ಇಲ್ಲಿದೆ.

ಕೊರತೆ ಕೆಂಡದ್ದಲ್ಲ. ಬಿಸಿ ಗಾಳಿ ಮೇಲೇರಿ ಹಂಚಿನ ಸಂದುಗಳಿಂದ ಹೊರಟುಹೋಗುತ್ತದೆ. ಆ ಜಾಗಕ್ಕೆ ಬಾಗಿಲಿನಡಿಯಿಂದ ಮಾಗಿಯ ಗಾಳಿ ನುಗ್ಗುತ್ತದೆ. ಕೋಣೆಯಲ್ಲಿ ಉಳಿಯುವುದು ಹೊಗೆ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಅದು ಅಪಾಯ. ಆದ್ದರಿಂದ ಮೊದಲು ಕೆಂಡವನ್ನು ಹೊರಗಿಡಿ. ಬಾಗಿಲಿನಡಿಗೆ ಗೋಣಿ ಸುತ್ತಿಡಿ. ಮದುವೆ ಮಂಟಪಕ್ಕೆ ಕಟ್ಟುವಂತೆ, ಹಂಚಿನ ಕೆಳಗೆ ಸೀರೆಗಳ ಮೇಲ್ಕಟ್ಟು ಬಿಗಿಯಿರಿ. ಕೂಸನ್ನು ನಿಮ್ಮ ಬರಿಯ ಎದೆಗೆ ಒರಗಿಸಿಕೊಂಡು ಹೊದೆಯಿರಿ. ಇದಕ್ಕೆ ಸಂಕೋಚ ಬೇಡ.

ಸೀರೆ ಎಲ್ಲಿಂದ ಎಂದು ಕೇಳುವಿರಿ. ಮಗಳು ಪವಿತ್ರಾಳ ಉತ್ತರಕ್ರಿಯೆಯಂದು, ಅವಳ ಸೀರೆಗಳ ಪೆಟ್ಟಿಗೆಯನ್ನು ಯಾರೂ ಮುಟ್ಟಕೂಡದೆಂದು ಬೀಗ ಹಾಕಿ ಕೀಲಿ ತಂದವನು ನಾನು. ಕಾಲೇಜಿನ ಚರ್ಚಾಕೂಟಗಳಲ್ಲಿಯೂ ಆಡಿದ ಮಾತನ್ನು ಹಿಂತೆಗೆದುಕೊಂಡವನಲ್ಲ, ಇದನ್ನು ಹಿಂತೆಗೆದುಕೊಳ್ಳುತ್ತೇನೆ. ಕೀಲಿ ಈ ಪತ್ರದೊಂದಿಗಿದೆ.

ಹತ್ತಿಯ ಸೀರೆಗಳನ್ನೇ ಆರಿಸಿ, ಎರಡು ಪದರ ಕಟ್ಟಿರಿ. ಅವಳು ಹೆಚ್ಚು ಉಡುತ್ತಿದ್ದ ಹಸಿರು ಅಂಚಿನದು ಕೆಳಗಿನ ಪದರದಲ್ಲಿರಲಿ, ಕೂಸು ಕಣ್ಣು ಬಿಟ್ಟಾಗ ಕಾಣುವಂತೆ.

ಇಂತಿ,
ನಿಮ್ಮ ಮಾವ
ಕೃಷ್ಣಾನಂದ